ಮೊದಲು ನಿದಾನ, ಆಮೇಲೆ ಚಿಕಿತ್ಸೆ



ವೈದ್ಯರಾದ ನಾವು ಲ್ಯಾಪ್‌ಟಾಪಿನ ವಿಷಯ ಮಾತನಾಡಲು ನಿಂತಿರುವುದು ತಮಗೆ ಸೋಜಿಗವೆನಿಸಬಹುದು. ಇದು ಪೆಟ್ಟು ತಿಂದು ಕಲಿತ ಪಾಠ. ಹುಬ್ಬಳ್ಳಿಯಲ್ಲಿ ಎಂ.ಬಿ.ಬಿ.ಎಸ್. ಓದುವಾಗಲೂ, ಡೆಟ್ರಾಯಿಟಿನಲ್ಲಿ ರೆಸಿಡೆನ್ಸಿ ಮಾಡುವಾಗಲೂ ಗುರುಗಳು ಹೇಳಿದ್ದು ಒಂದೇ: ನಿದಾನವಿಲ್ಲದೆ ಚಿಕಿತ್ಸೆ ಕೂಡದು. ಮನೆಯ ಲ್ಯಾಪ್‌ಟಾಪ್ ಪದೇ ಪದೇ ನೀಲಿ ಪರದೆ ತೋರಿಸಿ ನಿಂತಾಗ ನಾವು ಅದನ್ನೇ ಮರೆತೆವು. ದಿವಂಗತ ತಾಯಿಯವರು ಹಾಡಿದ ಹದಿನೇಳು ಸೋಬಾನೆ ಹಾಡುಗಳ ಧ್ವನಿಮುದ್ರಣ ಅದೊಂದರಲ್ಲಿಯೇ ಇತ್ತು. ಗಾಬರಿಯಿಂದ ಸಿಸ್ಟಂ ರಿಕವರಿಗೆ ಕೈಹಾಕಿದೆವು, ಅರ್ಧದಲ್ಲಿ ಸೋತಿತು. ಮತ್ತೆ ಮತ್ತೆ ಯತ್ನಿಸಿದೆವು.

ರಿಕವರಿ ಸೋಲುವುದೇಕೆ? ಅದಕ್ಕೆ ಬೇಕಾದ ಕಡತಗಳು ಸಾಮಾನ್ಯವಾಗಿ ಅದೇ ಡಿಸ್ಕಿನ ಇನ್ನೊಂದು ಭಾಗದಲ್ಲಿರುತ್ತವೆ. ಡಿಸ್ಕೇ ಸವೆದಿದ್ದರೆ, ಬೆಂಕಿ ಬಿದ್ದ ಮನೆಯೊಳಗೆ ಔಷಧದ ಪೆಟ್ಟಿಗೆ ಸಿಕ್ಕಿಕೊಂಡಂತೆ. ಪ್ರತಿ ಯತ್ನವೂ ಬಳಲಿದ ಡಿಸ್ಕನ್ನು ಇನ್ನಷ್ಟು ಬಳಲಿಸುತ್ತದೆ.

ಆದುದರಿಂದ ಮೊದಲ ಕೆಲಸ ದುರಸ್ತಿಯಲ್ಲ, ಕಡತಗಳ ರಕ್ಷಣೆ. ಬೇರೊಂದು ಕಂಪ್ಯೂಟರಿನಲ್ಲಿ ಉಬುಂಟುವಿನಂಥ ಲಿನಕ್ಸನ್ನು ಯುಎಸ್‌ಬಿ ಕಡ್ಡಿಗೆ ಹಾಕಿ, ಏನನ್ನೂ ಇನ್‌ಸ್ಟಾಲ್ ಮಾಡದೆ ಅದರಿಂದಲೇ ಲ್ಯಾಪ್‌ಟಾಪನ್ನು ಎಬ್ಬಿಸಿ, ಕಡತಗಳನ್ನು ಹೊರಗಿನ ಡಿಸ್ಕಿಗೆ ನಕಲು ಮಾಡಬೇಕು. ಬಿಟ್‌ಲಾಕರ್ ಬೀಗವಿದ್ದರೆ 48 ಅಂಕೆಗಳ ರಿಕವರಿ ಕೀ ಬೇಕು. ಮನೆಯ ಯಂತ್ರಗಳದ್ದು ಬಹುಮಟ್ಟಿಗೆ ಮೈಕ್ರೋಸಾಫ್ಟ್ ಖಾತೆಯಲ್ಲಿ ಸಿಗುತ್ತದೆ. ತಿರುಗುವ ಹಳೆಯ ಡಿಸ್ಕು ಟಕಟಕ ಸದ್ದು ಮಾಡಿದರೆ ಒಡನೆ ಆರಿಸಿ, ಪರಿಣತರ ಕೈಗೊಪ್ಪಿಸುವುದು ಲೇಸು.

ಅನಂತರ ನಿದಾನ. ಬಿಸಿಯೇರಿದ ಮೇಲೆಯೇ ನಿಲ್ಲುವುದಾದರೆ ಫ್ಯಾನು, ಧೂಳುಗಳನ್ನು ನೋಡಬೇಕು. ಪ್ರತಿ ಸಲವೂ ಬೇರೆ ಬೇರೆ ಸ್ಟಾಪ್ ಕೋಡ್ ಬರುತ್ತಿದ್ದರೆ ಮೆಮೊರಿಯ ಮೇಲೆ ಸಂಶಯ. ವಿಂಡೋಸ್ ಮೆಮೊರಿ ಡಯಾಗ್ನಾಸ್ಟಿಕ್ ಅಥವಾ ಮೆಮ್‌ಟೆಸ್ಟ್86 ಪರೀಕ್ಷೆಯಿಂದ ಹೆಚ್ಚಿನ ದೋಷಗಳು ತಿಳಿಯುತ್ತವೆ. ಡಿಸ್ಕಿನ ಸ್ಥಿತಿಗೆ ಸ್ಮಾರ್ಟ್ ವರದಿಯುಂಟು. ಆದರೆ ಅದು ಚೆನ್ನಾಗಿದೆಯೆಂದ ಮಾತ್ರಕ್ಕೆ ಡಿಸ್ಕು ನಿರೋಗಿಯೆಂದು ನಂಬಲಾಗದು. ಹೊಸ ಅಪ್‌ಡೇಟ್ ಬಂದೊಡನೆ ಶುರುವಾದ ಕಾಯಿಲೆಯಾದರೆ ಸೇಫ್ ಮೋಡಿನಲ್ಲಿ ಅದನ್ನು ತೆಗೆದು ನೋಡಬೇಕು. 2024ರ ಜುಲೈ 19ರಂದು ಒಂದೇ ಒಂದು ದೋಷಯುಕ್ತ ಅಪ್‌ಡೇಟಿನಿಂದ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ಕುಸಿದವು, ಆಸ್ಪತ್ರೆಗಳಲ್ಲಿಯೂ. ಅವುಗಳ ಡಿಸ್ಕು, ಮೆಮೊರಿಗಳ ತಪ್ಪೇನೂ ಇರಲಿಲ್ಲ.

ಡಿಸ್ಕೇ ಕೆಟ್ಟಿದ್ದರೆ ಬದಲಿಸಿ, ಬೇರೆ ಯಂತ್ರದಲ್ಲಿ ಸಿದ್ಧಪಡಿಸಿದ ಯುಎಸ್‌ಬಿಯಿಂದ ವಿಂಡೋಸನ್ನು ಹೊಸದಾಗಿ ಹಾಕುವುದೇ ಮಾರ್ಗ. ನಾವೂ ಕೊನೆಗೆ ಅದನ್ನೇ ಮಾಡಿದೆವು.

ಹಾಡುಗಳಲ್ಲಿ ಹದಿನಾಲ್ಕು ಉಳಿದವು, ಮೂರು ಮರಳಲಿಲ್ಲ. ಉಳಿದವು ಇಂದು ಮೂರು ಕಡೆ ಇವೆ: ಹೊಸ ಡಿಸ್ಕಿನಲ್ಲಿ, ಬೀರುವಿನೊಳಗಿನ ಹೊರ ಡಿಸ್ಕಿನಲ್ಲಿ, ಧಾರವಾಡದ ತಂಗಿಯ ಮನೆಯಲ್ಲಿ. ತಮ್ಮ ಮನೆಗಳಲ್ಲಿಯೂ ಹಿರಿಯರ ದನಿ, ಮಕ್ಕಳ ಮೊದಲ ಹೆಜ್ಜೆಯ ಚಿತ್ರಗಳು ಇದ್ದೇ ಇರುತ್ತವೆ. ಇಂದು ರಾತ್ರಿ ಮನೆಗೆ ಹೋದೊಡನೆ ಇನ್ನೊಂದು ಪ್ರತಿ ಮಾಡಿಡಿರೆಂದು ಬೇಡಿಕೊಂಡು, ನಮ್ಮ ಮಾತಿಗೆ ಮಂಗಳ ಹಾಡುತ್ತೇವೆ.