16 ಬಾರ್, ಒಂದು 'ಥ್ಯಾಂಕ್ ಯೂ'



ಅಮೆರಿಕದ ಚಿಕ್ಕಪುಟ್ಟ ಊರುಗಳಲ್ಲೂ ಒಂದು ಕಮ್ಯೂನಿಟಿ ಥಿಯೇಟರ್ ಕಾಣಸಿಗುತ್ತದೆ. ಹಗಲು ಬ್ಯಾಂಕಿನಲ್ಲೋ ಶಾಲೆಯಲ್ಲೋ ದುಡಿದವರು ಸಂಜೆ ಸೇರಿ ನಾಟಕ ಕಟ್ಟುತ್ತಾರೆ, ನಮ್ಮ ಊರಿನ ಹವ್ಯಾಸಿ ತಂಡಗಳ ಹಾಗೆಯೇ. ನಾವು ಟಿಕೆಟ್ ಕೊಂಡು ನೋಡಿ ಬರುತ್ತೇವೆ. ವೇದಿಕೆ ಹತ್ತುವುದು ಮಾತ್ರ ಯುಗಾದಿಗೆ, ರಾಜ್ಯೋತ್ಸವಕ್ಕೆ. 'ನಮ್ಮ ಇಂಗ್ಲಿಷ್ ಕೇಳಿ ಪಾತ್ರ ಯಾರು ಕೊಡುತ್ತಾರೆ?' ಎಂಬ ಅಳುಕು.

ಆ ಅಳುಕಿನಲ್ಲೇ ಇಪ್ಪತ್ತು ವರ್ಷ ಕಳೆದ ನಾವು ಗಂಡ-ಹೆಂಡತಿ, ಮಗಳು ಕಾಲೇಜಿಗೆ ಹೋಗಿ ಮನೆ ಬಿಕೋ ಎನ್ನತೊಡಗಿದ ಮೇಲೆ, 'ಫಿಡ್ಲರ್ ಆನ್ ದ ರೂಫ್' ಮ್ಯೂಸಿಕಲ್‌ನ ಆಡಿಷನ್‌ಗೆ ಹೋದೆವು. 1964ರಲ್ಲಿ ಬ್ರಾಡ್‌ವೇಗೆ ಬಂದ, ಶೋಲೆಮ್ ಅಲೈಕೆಮ್ ಅವರ ಯಿಡ್ಡಿಷ್ ಕಥೆಗಳನ್ನು ಆಧರಿಸಿದ ನಾಟಕ ಅದು. ಹಾಲು ಮಾರುವ ತೆವ್ಯೆ, ಅವನ ಹೆಂಡತಿ ಗೋಲ್ಡೆ, ಒಬ್ಬೊಬ್ಬಳಾಗಿ ತಂತಮ್ಮ ಮದುವೆಯನ್ನು ತಾವೇ ನಿಶ್ಚಯಿಸಿಕೊಳ್ಳುವ ಹೆಣ್ಣುಮಕ್ಕಳು. ಇದು ನಮ್ಮ ಮನೆಯ ಕಥೆಯೇ ಅಲ್ಲವೇ ಎಂಬ ಧೈರ್ಯ ನಮ್ಮದು!

ಪ್ರಕಟಣೆಯಲ್ಲಿ '16 ಬಾರ್ ಹಾಡಿ' ಎಂದಿತ್ತು. ಇದು ನೀವಂದುಕೊಂಡ ಬಾರ್ ಅಲ್ಲ. ಪಾಶ್ಚಾತ್ಯ ಸಂಗೀತದಲ್ಲಿ ತಾಳದ ಒಂದು ಅಳತೆ. ಬಾರಿಗೆ ನಾಲ್ಕು ಎಣಿಕೆಯಾದರೆ 16 ಬಾರಿಗೆ 64 ಎಣಿಕೆ, ಅಂದರೆ ಆದಿತಾಳದ 8 ಆವರ್ತ. ಮಧ್ಯಮ ಗತಿಯಲ್ಲಿ ಒಂದು ನಿಮಿಷವೂ ಆಗದು. ಪಲ್ಲವಿ, ಅನುಪಲ್ಲವಿ ಎಂದು ನಿಧಾನಕ್ಕೆ ಕಟ್ಟಿ ಬೆಳೆಸಲು ಅವಕಾಶವಿಲ್ಲ. ಹಾಡಿನ ಮೊದಲ ಸಾಲುಗಳೇ ಆಗಬೇಕೆಂದೂ ಇಲ್ಲ, ನಿಮ್ಮ ಕಂಠ ಅರಳುವ ಭಾಗವನ್ನೇ ಆರಿಸಿಕೊಳ್ಳಬಹುದು.

ನಮ್ಮಲ್ಲಿ ಸಂಗೀತ ಕಲಿತವಳು ಹೆಂಡತಿ. ಹಾಗಾಗಿ ಎಡವಿದವಳೂ ಅವಳೇ. ಕಾರಣ ಶ್ರುತಿ. ನಮ್ಮಲ್ಲಿ ಹಾಡುವವರ ಕಂಠಕ್ಕೆ ತಕ್ಕಂತೆ ತಂಬೂರಿಯ ಶ್ರುತಿ ಕೂಡಿಸುತ್ತಾರೆ, ಪಕ್ಕವಾದ್ಯದವರೂ ಅದಕ್ಕೇ ಹೊಂದಿಕೊಳ್ಳುತ್ತಾರೆ. ಅಲ್ಲಿ ಪಿಯಾನೊದವರು ಎದುರಿಗಿರುವ ಹಾಳೆಯಲ್ಲಿ ಅಚ್ಚಾದ ಸ್ಥಾಯಿಯಲ್ಲೇ ನುಡಿಸುತ್ತಾರೆ. ಮನೆಯಲ್ಲಿ ಶ್ರುತಿಪೆಟ್ಟಿಗೆ ಇಟ್ಟುಕೊಂಡು ವಾರಗಟ್ಟಲೆ ಅಭ್ಯಾಸ ಮಾಡಿದ್ದಳು. ಪಿಯಾನೊ ಅದಕ್ಕಿಂತ ಎಷ್ಟೋ ಮೇಲೆ ಶುರುವಾಯಿತು! ಮೊದಲ ಸಾಲು ಕೈತಪ್ಪಿತು. ಸಾವರಿಸಿಕೊಂಡು ಒಂದು ಗಮಕ ಹಾಕುವಷ್ಟರಲ್ಲಿ ಮೇಜಿನ ಹಿಂದಿನಿಂದ 'ಥ್ಯಾಂಕ್ ಯೂ' ಕೇಳಿಸಿತು.

ಕಾರಿನಲ್ಲಿ ಅವಳ ಕಣ್ಣಲ್ಲಿ ನೀರು. "ಇಷ್ಟು ವರ್ಷ ಕಲಿತದ್ದು ಅವರಿಗೆ ಅರ್ಧ ನಿಮಿಷಕ್ಕೇ ಸಾಕಾಯಿತೇನ್ರೀ?" ನಮ್ಮ ಕಂಪನಿ ನಾಟಕಗಳಲ್ಲಿ ಹಾಡು ಹಿಡಿಸಿದರೆ ಜನ 'ಒನ್ಸ್ ಮೋರ್' ಎಂದು ಕೂಗಿ ಮತ್ತೆ ಹಾಡಿಸುತ್ತಿದ್ದರು. ಆ ಕಥೆ ಕೇಳಿ ಬೆಳೆದವರಿಗೆ ನಡುವೆ ತಡೆಯುವುದು ಅವಮಾನವೆನಿಸುತ್ತದೆ. ಆದರೆ ಅಲ್ಲಿ ಎಲ್ಲರಿಗೂ ಅದೇ ಮಾತು. 'ನಮಗೆ ಬೇಕಾದ್ದು ಕೇಳಿಸಿತು' ಎಂದಷ್ಟೇ ಅದರ ಅರ್ಥ. ಅದು ಹೊಗಳಿಕೆಯೂ ಅಲ್ಲ, ತೆಗಳಿಕೆಯೂ ಅಲ್ಲ. ನಮಗಿದು ತಿಳಿಯಲು ಒಂದು ವರ್ಷ ಬೇಕಾಯಿತು.

ಆದ್ದರಿಂದ ಹೋಗುವವರು ನಿಮ್ಮ ಕಂಠಕ್ಕೆ ಹೊಂದುವ ಸ್ಥಾಯಿಯಲ್ಲಿರುವ ಸ್ವರಲಿಪಿಯನ್ನೇ ಕೊಂಡುಕೊಳ್ಳಿ. ಒಂದೇ ಹಾಡು ಬೇರೆ ಬೇರೆ ಸ್ಥಾಯಿಗಳಲ್ಲಿ ಅಂತರ್ಜಾಲದಲ್ಲಿ ಸಿಗುತ್ತದೆ. ಶುರು ಮತ್ತು ಕೊನೆಗೆ ಗುರುತು ಹಾಕಿ ಫೈಲಿಗೆ ಸೇರಿಸಿ. ಪಿಯಾನೊದವರಿಗೆ ನಮಸ್ಕಾರ ಹೇಳಿ, ಮೆಲ್ಲಗೆ ಒಂದು ಸಾಲು ಗುನುಗಿ ಗತಿ ತಿಳಿಸಿ, ಚಿಟಿಕೆ ಹೊಡೆಯಬೇಡಿ. ಸ್ವರವನ್ನು ಅಲುಗಿಸದೆ ನೇರವಾಗಿ ನಿಲ್ಲಿಸುವುದನ್ನು ರೂಢಿಸಿಕೊಳ್ಳಿ, ಗಮಕ ನವರಾತ್ರಿಗಿರಲಿ.

ಹಾಡಿನ ನಂತರ ಓದು. ಸಂಭಾಷಣೆಯ ಹಾಳೆ ಕೈಗಿತ್ತು ಅಪರಿಚಿತರೊಬ್ಬರ ಜೊತೆ ಓದಿಸುತ್ತಾರೆ. ಗಂಡನಿಗೆ ತೆವ್ಯೆಯ ಮಾತುಗಳು ಸಿಕ್ಕಿದವು. ಗಾಬರಿಯಲ್ಲಿ ಒಂದೇ ಉಸಿರಿಗೆ ಓದಿ ಮುಗಿಸಿದ. ನಿರ್ದೇಶಕಿ ನಕ್ಕು, "ಅವನು ದಣಿದಿದ್ದಾನೆ. ನಿಧಾನವಾಗಿ ಇನ್ನೊಮ್ಮೆ ಓದಿ" ಎಂದರು. ತಪ್ಪಾಯಿತೆಂದು ಅವನು ಕುಗ್ಗಿಹೋದ. ವಾಸ್ತವವಾಗಿ ಎರಡನೇ ಸಲ ಓದಿಸುವುದು ಒಳ್ಳೆಯ ಸೂಚನೆ. ಹೇಳಿದ್ದನ್ನು ಕೇಳಿ ಬದಲಿಸಿಕೊಳ್ಳಬಲ್ಲಿರಾ ಎಂದು ನೋಡುತ್ತಾರೆ. ನಮ್ಮ ಉಚ್ಚಾರದ ಬಗ್ಗೆ ಯಾರೂ ಚಕಾರ ಎತ್ತಲಿಲ್ಲ, ತೊಡಕಾದದ್ದು ವೇಗ. ಯೋಚಿಸಿ ನೋಡಿದರೆ ತೆವ್ಯೆಯ ಮನೆಮಾತೂ ಇಂಗ್ಲಿಷ್ ಅಲ್ಲವಲ್ಲ!

ಕುಣಿತದಲ್ಲೂ ಹಾಗೆಯೇ. ನಾಲ್ಕು ಹೆಜ್ಜೆ ಕಲಿಸಿ ಗುಂಪಿನಲ್ಲಿ ಹಾಕಿಸುತ್ತಾರೆ. ಹೆಜ್ಜೆ ತಪ್ಪಿದರೂ ಮುಖ ಬಾಡದಿದ್ದರೆ ಅರ್ಧ ಗೆದ್ದಂತೆ.

ಅರ್ಜಿಯಲ್ಲಿ 'ಯಾವ ದಿನ ಬರಲಾಗದು?' ಎಂಬ ಪ್ರಶ್ನೆ ಇರುತ್ತದೆ. ಇಲ್ಲಿ ಸಂಕೋಚ ಬೇಡ. ವರಮಹಾಲಕ್ಷ್ಮಿ ಹಬ್ಬ, ಊರಿಗೆ ಹೋಗುವ ದಿನಗಳು ಎಲ್ಲವನ್ನೂ ಬರೆಯಿರಿ. ವಾರಗಟ್ಟಲೆ ಸಂಜೆಗಳು ತಾಲೀಮಿಗೆ ಹೋಗುತ್ತವೆ, ಕೊನೆಯ ವಾರವಂತೂ ತಪ್ಪಿಸಲೇಬಾರದು. ಪಾತ್ರ ಸಿಕ್ಕ ಮೇಲೆ ರಜೆ ಕೇಳಿದರೆ ಇಡೀ ತಂಡಕ್ಕೆ ತೊಂದರೆ.

ಕೆಲವರನ್ನು ಮುಖ್ಯ ಪಾತ್ರಗಳಿಗಾಗಿ ಮತ್ತೆ ಕರೆಸುತ್ತಾರೆ, ಅದೇ ಕಾಲ್‌ಬ್ಯಾಕ್. ಕರೆ ಬರಲಿಲ್ಲವೆಂದು ಆಸೆ ಬಿಡಬೇಡಿ, ಗುಂಪಿನ ಪಾತ್ರಗಳಿಗೆ ಎಷ್ಟೋ ಸಲ ಮೊದಲ ದಿನವೇ ಆಯ್ಕೆ ಮಾಡಿರುತ್ತಾರೆ. ಎತ್ತರ, ವಯಸ್ಸು, ಜೊತೆಗಾರರ ದನಿ ಎಲ್ಲ ಕೂಡಿ ಬರಬೇಕಾದ ಲೆಕ್ಕ ಅದು. ನಿಮ್ಮ ವಿದ್ಯೆಗೆ ಕಟ್ಟಿದ ಬೆಲೆಯಲ್ಲ.

ಆ ವರ್ಷ ಗಂಡ ಊರಮಂದಿಯಲ್ಲೊಬ್ಬನಾದ. ಹೆಂಡತಿಯ ಹೆಸರು ಪಟ್ಟಿಯಲ್ಲಿರಲಿಲ್ಲ. ಆದರೂ ದಿನಾ ತಾಲೀಮಿಗೆ ಬಂದು ಹಿಂದಿನ ಸಾಲಿನಲ್ಲಿ ಕುಳಿತಳು, ಬಟ್ಟೆಗಳಿಗೆ ಗುಂಡಿ ಹಾಕಿದಳು, ಪಿಯಾನೊ ಕೇಳಿಸಿಕೊಂಡಳು. ಮರುವರ್ಷ ಬೇರೊಂದು ಮ್ಯೂಸಿಕಲ್‌ನ ಆಡಿಷನ್. ಸರಿಯಾದ ಸ್ಥಾಯಿಯ ಹಾಳೆ ಹಿಡಿದು ಹೋದಳು. ಈ ಸಲವೂ ನಡುವೆಯೇ 'ಥ್ಯಾಂಕ್ ಯೂ'. ನಕ್ಕು, ತಾನೂ 'ಥ್ಯಾಂಕ್ ಯೂ' ಎಂದು ಹೇಳಿ ಬಂದಳು. ವಾರದ ಮೇಲೆ ಬಂದ ಪಟ್ಟಿಯಲ್ಲಿ, ಮೇಳದ ಕೊನೆಯ ಹೆಸರು ಅವಳದು.

ನಿಮ್ಮೂರಿನ ಲೈಬ್ರರಿಯ ಗೋಡೆಯಲ್ಲಿ ಇಂಥ ಪ್ರಕಟಣೆ ಕಂಡರೆ ಸುಮ್ಮನೆ ದಾಟಿ ಹೋಗಬೇಡಿ. ಹಾಳೆ ಮಾತ್ರ ಮರೆಯದೆ ಒಯ್ಯಿರಿ!