ಊಟಿ: ಕಾಲಲ್ಲಿ ನಡೆಯಿರಿ, ಕಣ್ಣಲ್ಲಿ ಓದಿ

ಊಟಿಗೆ ಹೋಗದವರು ನಮ್ಮ ಕಡೆ ಕಡಿಮೆ. ತರಕಾರಿ ಮೂಟೆ ಹಾಕೋಕೆ, ಆಸ್ಪತ್ರೆಗೆ, ಕಲೆಕ್ಟರ್ ಆಫೀಸಿಗೆ ಅಂತ ಹೋಗ್ತೀವಿ. ಕೆಲಸ ಮುಗಿದ ಕೂಡಲೇ ಬಸ್ಸು ಹತ್ತಿ ಬಂದುಬಿಡ್ತೀವಿ. ಊರು ನೋಡೋದು ದುಡ್ಡಿರುವ ಟೂರಿಸ್ಟರ ಕೆಲಸ ಅಂದುಕೊಳ್ತೀವಿ. ಹಾಗೇನೂ ಇಲ್ಲ. ಊಟಿಯ ಮುಖ್ಯ ಜಾಗಗಳನ್ನು ಒಂದೇ ದಿನದಲ್ಲಿ ನಡೆದು ನೋಡಬಹುದು. ಕಾರು ಬೇಡ, ಗೈಡು ಬೇಡ. ಅಂಕಿ ಓದಲು ಬಂದರೆ ಸಾಕು. ಅಲ್ಲಿನ ಬೋರ್ಡುಗಳು ತಮಿಳು, ಇಂಗ್ಲಿಷಿನಲ್ಲಿ ಇರುತ್ತವೆ ನಿಜ. ಆದರೆ ಅಂಕಿ ನೀವು ಕಲಿತದ್ದೇ. ಇಸವಿ ಓದಿದರೆ ಅರ್ಧ ಕಥೆ ತಿಳಿದ ಹಾಗೆ.

ಹೊರಡುವ ಮುಂಚೆ

ಊಟಿ ಸಮುದ್ರ ಮಟ್ಟದಿಂದ ಸುಮಾರು 2,240 ಮೀಟರ್ ಎತ್ತರದಲ್ಲಿದೆ. ಅಷ್ಟು ಎತ್ತರದಲ್ಲಿ ಗಾಳಿ ತೆಳುವಾಗಿರುತ್ತದೆ. ಬಯಲಿನಿಂದ ಬಂದವರಿಗೆ ಏರು ಹತ್ತುವಾಗ ಬೇಗ ಏದುಸಿರು ಬರುತ್ತದೆ. ಅವಸರ ಮಾಡಬೇಡಿ, ನಿಂತು ನಿಂತು ಹತ್ತಿ. ಸ್ವೆಟರ್, ಕೊಡೆ ಇರಲಿ. ನೀರನ್ನು ಸ್ಟೀಲ್ ಬಾಟಲಿಯಲ್ಲಿ ಒಯ್ಯಿರಿ. ನೀಲಗಿರಿಯಲ್ಲಿ ಒಂದೇ ಸಲ ಬಳಸಿ ಎಸೆಯುವ ಪ್ಲಾಸ್ಟಿಕ್ಕಿಗೆ ನಿಷೇಧವಿದೆ. ದಾರಿ ತಪ್ಪಿದರೆ ನಾಚಿಕೆ ಬೇಡ. ಅಂಗಡಿಯವರನ್ನು, ಆಟೋದವರನ್ನು ಕೇಳಿ.

1. ರೈಲು ನಿಲ್ದಾಣ

ಬಸ್ ನಿಲ್ದಾಣದ ಹತ್ತಿರವೇ ರೈಲು ನಿಲ್ದಾಣ. ನಮ್ಮ ನಡಿಗೆ ಇಲ್ಲಿಂದ ಶುರು. ಮೇಟ್ಟುಪಾಳಯದಿಂದ ಕೂನೂರಿಗೆ ರೈಲು ಬಂದದ್ದು 1899ರಲ್ಲಿ. ಊಟಿ ಮುಟ್ಟಿದ್ದು 1908ರಲ್ಲಿ. ಎರಡು ಕಂಬಿಗಳ ನಡುವೆ ಒಂದೇ ಮೀಟರ್ ಅಂತರ. ಕೆಳಗೆ ಕಲ್ಲಾರಿನಿಂದ ಕೂನೂರಿನವರೆಗೆ ಏರು ಬಹಳ ಕಡಿದು. ಅಲ್ಲಿ ಕಂಬಿಗಳ ಮಧ್ಯೆ ಹಲ್ಲಿನ ಪಟ್ಟಿ ಇದೆ. ಎಂಜಿನ್ನಿನ ಹಲ್ಲುಚಕ್ರ ಅದನ್ನು ಕಚ್ಚಿ ಹಿಡಿದು ಹತ್ತುತ್ತದೆ. ಅದಕ್ಕೇ ಗಾಡಿ ಹಿಂದೆ ಜಾರುವುದಿಲ್ಲ. 2005ರಲ್ಲಿ ಯುನೆಸ್ಕೊ ಈ ರೈಲುದಾರಿಯನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

2. ಸಂತ ಸ್ಟೀಫನ್ ಚರ್ಚು

ಪೇಟೆ ದಾಟಿ ಗುಡ್ಡ ಹತ್ತಿದರೆ ಹಳದಿ ಬಣ್ಣದ ಚರ್ಚು. ಅಡಿಗಲ್ಲು ಹಾಕಿದ್ದು 1829ರಲ್ಲಿ. ಜನರಿಗೆ ಬಾಗಿಲು ತೆರೆದದ್ದು 1831ರಲ್ಲಿ. ಒಳಗೆ ಹೋದರೆ ತಲೆ ಎತ್ತಿ ನೋಡಿ. ಮಾಡು ಹೊತ್ತ ದೊಡ್ಡ ತೊಲೆ ಶ್ರೀರಂಗಪಟ್ಟಣದಿಂದ ಬಂದದ್ದು, ಟಿಪ್ಪು ಸುಲ್ತಾನನ ಅರಮನೆಯ ಮರ. 1799ರಲ್ಲಿ ಟಿಪ್ಪು ಸತ್ತ. ಆಮೇಲೆ ಅವನ ಮನೆಯ ಮರ ಬೆಟ್ಟ ಹತ್ತಿ ಬಂದು ಚರ್ಚಿನ ಮಾಡಾಯಿತು. ಪ್ರಾರ್ಥನೆಯ ಹೊತ್ತಿನಲ್ಲಿ ಒಳಗೆ ಮಾತಾಡಬೇಡಿ.

3. ನೀಲಗಿರಿ ಲೈಬ್ರರಿ

ಇಲ್ಲಿಂದ ಸ್ವಲ್ಪ ದೂರದಲ್ಲೇ ಕೆಂಪು ಕಟ್ಟಡ. ಈ ಲೈಬ್ರರಿ 1859ರದು. ಸದಸ್ಯರಿಗೆ ಮಾತ್ರ ಪುಸ್ತಕ ಕೊಡುತ್ತಾರೆ. ಹೊರಗಿನಿಂದಲೇ ನೋಡಿ ಮುಂದೆ ನಡೆಯೋಣ.

4. ಕಲ್ಲು ಬಂಗಲೆ

ಜಾನ್ ಸಲಿವನ್ ಎಂಬಾತ ಕೊಯಮತ್ತೂರಿನ ಕಲೆಕ್ಟರ್ ಆಗಿದ್ದ. 1822ರಲ್ಲಿ ಇಲ್ಲಿ ಮನೆ ಕಟ್ಟಿಸಲು ತೊಡಗಿದ. ಊಟಿಯಲ್ಲಿ ಬಿಳಿಯರು ಕಟ್ಟಿದ ಮೊದಲ ಮನೆ ಇದು. ಇಲ್ಲಿನ ಜನ ಇದನ್ನು ‘ಕಲ್ ಬಂಗಲಾ’ ಅಂದರು. ಕಲ್ಲು ಅನ್ನೋ ಮಾತು ನಮಗೂ ಗೊತ್ತಿರುವುದೇ. ಈಗ ಇದು ಸರ್ಕಾರಿ ಕಲಾ ಕಾಲೇಜಿಗೆ ಸೇರಿದೆ. ಊಟಿ ಕೆರೆ ಕಟ್ಟಿಸಿದವನೂ ಇವನೇ. ಇವನ ಹೆಂಡತಿಯೂ ಮಗಳೂ 1838ರಲ್ಲಿ ತೀರಿಕೊಂಡರು. ಅವರ ಸಮಾಧಿ, ನಾವು ನೋಡಿ ಬಂದ ಚರ್ಚಿನ ಆವರಣದಲ್ಲೇ ಇದೆ.

5. ಚಾರಿಂಗ್ ಕ್ರಾಸ್

ಇಳಿದು ಬಂದರೆ ವಾಹನ ತುಂಬಿದ ಕೂಡುರಸ್ತೆ. ನಡುವೆ ಒಂದು ಕಾರಂಜಿ. ಮದ್ರಾಸಿನ ಗವರ್ನರ್ ಆಡಮ್ 1881ರಲ್ಲಿ ಊಟಿಯಲ್ಲಿ ತೀರಿಕೊಂಡ. ಅವನ ನೆನಪಿಗೆ 1886ರಲ್ಲಿ ಈ ಕಾರಂಜಿ ಮಾಡಿಸಿದರು. ರಸ್ತೆ ದಾಟುವಾಗ ಹುಷಾರು.

6. ಸಸ್ಯೋದ್ಯಾನ

ಇಲ್ಲಿಂದ ಮೇಲೆ ನಡೆದರೆ ಸರ್ಕಾರಿ ಸಸ್ಯೋದ್ಯಾನ. ಒಳಗೆ ಹೋಗಲು ಟಿಕೆಟ್ ಬೇಕು. ದರವನ್ನು ಬೋರ್ಡಿನಲ್ಲಿ ನೀವೇ ಓದಿ, ಚಿಲ್ಲರೆ ಎಣಿಸಿ ತಗೊಳ್ಳಿ. 1848ರಲ್ಲಿ ಮ್ಯಾಕ್ಐವರ್ ಎಂಬ ತೋಟಗಾರ ಇದನ್ನು ಶುರುಮಾಡಿದ. ಸುಮಾರು 55 ಎಕರೆ ಇದೆ. ಒಳಗೆ ಕಲ್ಲಾಗಿಹೋದ ಒಂದು ಮರದ ದಿಮ್ಮಿ ಇದೆ. ಅದಕ್ಕೆ ಎರಡು ಕೋಟಿ ವರ್ಷ ಆಗಿದೆ ಎನ್ನುತ್ತಾರೆ. ಪ್ರತಿ ವರ್ಷ ಮೇ ತಿಂಗಳಲ್ಲಿ ಇಲ್ಲಿ ಹೂವಿನ ಪ್ರದರ್ಶನ. ಆ ದಿನಗಳಲ್ಲಿ ಜನ ಬಹಳ, ಬೇರೆ ತಿಂಗಳು ಹೋದರೆ ಒಳ್ಳೆಯದು.

ಕಲ್ಲಿನ ಮೇಲೆ ಇಲ್ಲದ ಹೆಸರು

ಇಷ್ಟು ನಡೆದಿರಿ. ಎಷ್ಟು ಹೆಸರು ಓದಿದಿರಿ? ಗವರ್ನರ್, ಕಲೆಕ್ಟರ್, ಎಲ್ಲಾ ಹೊರಗಿನಿಂದ ಬಂದವರು. ಹಾಗಾದರೆ ಅವರಿಗಿಂತ ಮೊದಲು ಇಲ್ಲಿ ಯಾರೂ ಇರಲಿಲ್ಲವೇ? ಇದ್ದರು. ಸಸ್ಯೋದ್ಯಾನದ ಮೇಲ್ಗಡೆ ತೋಡರ ಹಟ್ಟಿ ಇದೆ. ಎಮ್ಮೆ ಸಾಕುವ ಈ ಜನ ತಮ್ಮ ಹಟ್ಟಿಯನ್ನು ‘ಮಂದ್’ ಅನ್ನುತ್ತಾರೆ. ಒಟಕಮಂಡ್ ಅನ್ನೋ ಊಟಿಯ ಹಳೆಯ ಹೆಸರಿನ ಕೊನೆಯಲ್ಲಿ ಇರುವುದು ಅದೇ ಮಾತು.

ಸುತ್ತಿನ ಹೊಲಗಳಲ್ಲಿ ಆಲೂಗಡ್ಡೆ, ಕ್ಯಾರೆಟ್ ಬೆಳೆಯುವವರಲ್ಲಿ ಬಡಗರು ಬಹಳ. ಬಡಗ ಅಂದರೆ ಉತ್ತರ. ಉತ್ತರದ ಮೈಸೂರು ಸೀಮೆಯಿಂದ ಬಂದವರು ಎಂಬುದು ಅವರ ಹಿರಿಯರ ಮಾತು. ಅವರ ನುಡಿ ಕನ್ನಡಕ್ಕೆ ಬಹಳ ಹತ್ತಿರ. ಊಟಿಯಿಂದ ಕಾಣುವ ಅತಿ ಎತ್ತರದ ಬೆಟ್ಟದ ಹೆಸರು ಕೇಳಿ: ದೊಡ್ಡಬೆಟ್ಟ. 2,637 ಮೀಟರ್. ಅದನ್ನು ನಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಕಲ್ಲಿನ ಮೇಲೆ ಕೆತ್ತಿದ್ದು ಒಂದು ಕಥೆ. ಊರ ಹೆಸರಲ್ಲಿ, ಬೆಟ್ಟದ ಹೆಸರಲ್ಲಿ ಉಳಿದದ್ದು ಇನ್ನೊಂದು ಕಥೆ. ಎರಡನ್ನೂ ಓದಿದರೆ ಊರು ಗೊತ್ತಾಗುತ್ತದೆ.

ಲೆಕ್ಕ ಹಾಕಿ, ಮಾತಾಡಿ

• ಚರ್ಚು ತೆರೆದು ಇಂದಿಗೆ ಎಷ್ಟು ವರ್ಷ ಆಯಿತು?
• ಕೂನೂರಿಗೆ ಬಂದ ರೈಲು ಊಟಿ ಮುಟ್ಟಲು ಎಷ್ಟು ವರ್ಷ ಹಿಡಿಯಿತು?
• ದೊಡ್ಡಬೆಟ್ಟ ಊಟಿಗಿಂತ ಎಷ್ಟು ಮೀಟರ್ ಎತ್ತರ?
• ನಿಮ್ಮ ಊರಿನ ಗುಡ್ಡ, ಹಳ್ಳ, ಕೆರೆಗಳ ಹೆಸರು ಬರೆಯಿರಿ. ಆ ಹೆಸರು ಯಾಕೆ ಬಂತು ಅಂತ ಮನೆಯ ಹಿರಿಯರನ್ನು ಕೇಳಿ, ಅದನ್ನೂ ಬರೆದಿಡಿ.