ಗರ್ಭಕೋಶವಿಲ್ಲ, ಅಂಡಾಶಯವಿದೆ

ವಯಸ್ಸು ಹದಿನಾರು ದಾಟಿದರೂ ಮಗಳು ಮೈನೆರೆಯಲಿಲ್ಲವೆಂದರೆ ಹರಕೆ, ನಾಟಿ ಔಷಧಿ ಎಲ್ಲ ಮುಗಿದ ಮೇಲೆ ಸ್ಕ್ಯಾನಿಂಗ್ ಸರದಿ ಬರುತ್ತದೆ. ಸ್ತನ, ಎತ್ತರ, ಕಳೆ ಎಲ್ಲವೂ ವಯಸ್ಸಿಗೆ ತಕ್ಕಂತೆಯೇ ಇರುವುದರಿಂದ ಅನುಮಾನವೂ ತಡವಾಗಿ ಹುಟ್ಟುತ್ತದೆ. ಸುಮಾರು 5,000 ಹೆಣ್ಣುಮಕ್ಕಳಲ್ಲಿ ಒಬ್ಬಳು ಗರ್ಭಕೋಶವೇ ಇಲ್ಲದೆ, ಇಲ್ಲವೇ ಅದರ ಕುರುಹಷ್ಟೇ ಉಳಿದು ಹುಟ್ಟುತ್ತಾಳೆ. ವೈದ್ಯರು ಇದನ್ನು ಎಂಆರ್‌ಕೆಎಚ್ ಎನ್ನುತ್ತಾರೆ.

ಭ್ರೂಣದಲ್ಲಿ ಮ್ಯುಲ್ಲೇರಿಯನ್ ಎಂಬ ಜೋಡಿ ನಾಳಗಳು ಬೆಳೆದು ಗರ್ಭಕೋಶವೂ ಯೋನಿಯ ಮೇಲ್ಭಾಗವೂ ಆಗಬೇಕು. ಇಲ್ಲಿ ಆ ಬೆಳವಣಿಗೆ ನಡುವೆಯೇ ನಿಂತುಬಿಡುತ್ತದೆ. ಅಂಡಾಶಯದ ಮೂಲ ಬೇರೆ. ಅದು ಸಾಮಾನ್ಯವಾಗಿ ಹಾರ್ಮೋನು ಸುರಿಸುತ್ತದೆ, ಅಂಡವನ್ನೂ ಬಲಿಸುತ್ತದೆ. ಬಸುರಿಯಾಗಿದ್ದಾಗ ಗ್ರಹಣ ನೋಡಿದ್ದಕ್ಕೆ ಹೀಗಾಯಿತೆಂದು ತಾಯಿಯನ್ನು ಚುಚ್ಚುವವರಿದ್ದಾರೆ. ಅದಕ್ಕೆ ಎಳ್ಳಷ್ಟೂ ಆಧಾರವಿಲ್ಲ.

ಅಂಡವಿರುವುದರಿಂದಲೇ ಐವಿಎಫ್ ದಾರಿ ತೆರೆಯುತ್ತದೆ. ಮುಟ್ಟಿನ ಲೆಕ್ಕ ಸಿಗದ ಕಾರಣ ವೈದ್ಯರು ರಕ್ತಪರೀಕ್ಷೆ, ಸ್ಕ್ಯಾನಿಂಗ್ ನೋಡಿ ಚುಚ್ಚುಮದ್ದಿನ ದಿನ ಗೊತ್ತುಮಾಡುತ್ತಾರೆ. ಅಂಡಾಶಯ ಮೇಲ್ಗಡೆ ಇದ್ದರೆ ಹೊಟ್ಟೆಯ ಮೂಲಕವೇ ಸೂಜಿ ಹಾಕಿ ಅಂಡ ತೆಗೆಯುತ್ತಾರೆ. ಗಂಡನ ವೀರ್ಯಾಣು ಸೇರಿಸಿ ಬೆಳೆಸಿದ ಭ್ರೂಣವನ್ನು ಇನ್ನೊಬ್ಬಾಕೆ ಹೊರುತ್ತಾಳೆ. ಹುಟ್ಟುವ ಮಗು ವಂಶವಾಹಿಯಲ್ಲಿ ಈ ದಂಪತಿಯದೇ. ಮಗಳು ಹುಟ್ಟಿದರೆ ಅವಳಿಗೂ ಹೀಗಾದೀತೆ ಎಂಬ ಭಯ ಸಹಜ. 1997ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಇಂಥ ತಾಯಂದಿರಿಗೆ ಹುಟ್ಟಿದ್ದ 17 ಹೆಣ್ಣುಮಕ್ಕಳಲ್ಲಿ ಒಬ್ಬಳಿಗೂ ಈ ಕೊರತೆ ಇರಲಿಲ್ಲ.

ನಮ್ಮಲ್ಲಿ ಬಾಡಿಗೆ ತಾಯ್ತನಕ್ಕೆ 2021ರ ಕಾಯ್ದೆ ಅನ್ವಯ. ಹೊರುವವಳು ಮದುವೆಯಾಗಿ ಸ್ವಂತ ಮಗುವಿರುವ, 25ರಿಂದ 35 ವರ್ಷದವಳಾಗಿರಬೇಕು. ಜೀವಮಾನದಲ್ಲಿ ಒಂದೇ ಸಲ. ಆಸ್ಪತ್ರೆ ಖರ್ಚು, ವಿಮೆಯಂಥವು ಬಿಟ್ಟರೆ ಹಣ ಕೊಡುವಂತಿಲ್ಲ. ಬಡ ಹೆಂಗಸರ ಶೋಷಣೆ ತಡೆಯಲು ಈ ಕಟ್ಟುನಿಟ್ಟು ಬೇಕಿತ್ತು. ಆದರೆ ಎಂಆರ್‌ಕೆಎಚ್ ಇರುವ, ಮದುವೆಯೇ ಆಗದ ಹೆಣ್ಣಿಗೆ ಬಾಗಿಲು ಮುಚ್ಚಿರುವುದು ನನಗೆ ನ್ಯಾಯವೆನಿಸುವುದಿಲ್ಲ. ಈ ಕಾರಣಕ್ಕೇ ಮದುವೆ ಕೈತಪ್ಪಿದವರು ಎಷ್ಟೋ ಮಂದಿ. ದಂಪತಿಯದೇ ಅಂಡ, ವೀರ್ಯಾಣು ಬೇಕೆಂಬ 2023ರ ನಿಯಮವೂ ಹೀಗೇ ಕ್ರೂರವಾಗಿತ್ತು. ಅಂಡವೂ ಇಲ್ಲದ ಎಂಆರ್‌ಕೆಎಚ್ ಮಹಿಳೆಯೊಬ್ಬರು ಸುಪ್ರೀಂ ಕೋರ್ಟ್ ಮೆಟ್ಟಿಲೇರಿ ದಾನಿಯ ಅಂಡ ಬಳಸಲು ಅನುಮತಿ ಪಡೆದರು. 2024ರ ಫೆಬ್ರವರಿಯಲ್ಲಿ ನಿಯಮವೇ ಸಡಿಲಾಯಿತು.

ತಾನೇ ಹೊರಬೇಕೆನ್ನುವವರಿಗೆ ಗರ್ಭಕೋಶ ಕಸಿಯೂ ಇದೆ. 2014ರಲ್ಲಿ ಸ್ವೀಡನ್ನಿನಲ್ಲಿ, 61 ವರ್ಷದ ಗೆಳತಿ ಕೊಟ್ಟ ಗರ್ಭಕೋಶದಲ್ಲಿ ಎಂಆರ್‌ಕೆಎಚ್ ಮಹಿಳೆಯೊಬ್ಬರು ಗಂಡುಮಗು ಹೆತ್ತರು. ಪುಣೆಯಲ್ಲಿ 2017ರಲ್ಲಿ ಈ ಕಸಿ ಶುರುವಾಯಿತು. ದೊಡ್ಡ ಶಸ್ತ್ರಚಿಕಿತ್ಸೆ, ಬಹಳ ಖರ್ಚು. ದೇಹ ಅದನ್ನು ತಿರಸ್ಕರಿಸದಂತೆ ರೋಗನಿರೋಧಕ ಶಕ್ತಿ ತಗ್ಗಿಸುವ ಮಾತ್ರೆ ನುಂಗುತ್ತಲೇ ಇರಬೇಕು. ಹಾಗಾಗಿಯೇ ಒಂದೆರಡು ಹೆರಿಗೆಯಾದ ಬಳಿಕ ಕಸಿಮಾಡಿದ ಗರ್ಭಕೋಶವನ್ನು ತೆಗೆದುಬಿಡುತ್ತಾರೆ.